ನಾಲ್ಕು ದಿಕ್ಕಿನ ದೀಪ

ನಮ್ಮ ಊರಿನಲ್ಲಿ ಮಧ್ಯಾಹ್ನ ಯಾರೂ ಊಟ ಮಾಡುವುದಿಲ್ಲ. ಸೂರ್ಯ ನೆತ್ತಿಯ ಮೇಲೆ ಬಂದಾಗ ಅನ್ನದ ನೆರಳು ಕಾಣುವುದಿಲ್ಲ; ನೆರಳು ಕಾಣದ ಅನ್ನವನ್ನು ಬಾಯಿಗಿಡುವಷ್ಟು ಧೈರ್ಯ ನಮ್ಮವರಿಗಿಲ್ಲ. ಕಲ್ಲು, ಕೂದಲು, ನೊಣ, ಹುಳು, ಬೀಳಬಾರದ್ದು ಏನೇ ಬಿದ್ದರೂ ಆ ಅಡುಗೆಯ ನೆರಳು ಹೊರಟುಹೋಗುತ್ತದೆ. ಆದ್ದರಿಂದ ಬಿಸಿಲು ಓರೆಯಾಗಿರುವಾಗ ಬೆಳಗಿನ ಊಟ, ದೀಪ ಹಚ್ಚಿದ ಮೇಲೆ ಸಂಜೆಯ ಊಟ. ಎಲೆಯ ಪಕ್ಕದಲ್ಲಿ ದೀಪ ಹಿಡಿದು ತೋರಿಸುವುದು ಬಡಿಸುವವರ ಮರ್ಯಾದೆ. ನೋಡಿಯೂ ನೋಡದವರಂತೆ ನೋಡುವುದು ಉಣ್ಣುವವರ ಮರ್ಯಾದೆ. ಮಜ್ಜಿಗೆಯನ್ನು ಎತ್ತರದಿಂದ ಸುರಿಯುತ್ತೇವೆ, ಧಾರೆಯ ನೆರಳು ಗೋಡೆಯ ಮೇಲೆ ಬೀಳಲಿ ಎಂದು. ಮಧ್ಯಾಹ್ನ ಬಂದ ನೆಂಟರಿಗೆ ಚಾಪೆ ಹಾಸಿ ಬೀಸಣಿಗೆ ಕೊಡುತ್ತೇವೆ. ಹಸಿವಾಗಿದೆ ಎಂದವರಿಗೆ ಇನ್ನೊಂದು ಬೀಸಣಿಗೆ ಕೊಡುತ್ತೇವೆ.

ಅಡುಗೆ ಮಾಡಿದವರ ಕುಲ ಕೇಳಿಕೊಂಡು ಉಣ್ಣುವವರೂ ಹಿಂದೆ ಊರಿನಲ್ಲಿ ಇದ್ದರಂತೆ. ಯಾರು ಮಾಡಿದರೂ ನೆರಳು ಬೀಳುತ್ತಲೇ ಇತ್ತು. ಅವರ ಶಾಸ್ತ್ರಕ್ಕೆ ಅದು ಸೊಪ್ಪು ಹಾಕಲಿಲ್ಲ. ಅದರ ಮೇಲೆ ಅವರದೇ ಮನೆಯ ಹುಳಿಯಲ್ಲಿ ಒಂದು ದಿನ ಜಿರಲೆ ಬಿದ್ದು ನೆರಳು ಹೋಯಿತು. ಅಂದಿನಿಂದ ಅವರ ಮನೆತನದವರು ಶಾಸ್ತ್ರದ ಮಾತನ್ನು ಸ್ವಲ್ಪ ಸಣ್ಣ ದನಿಯಲ್ಲಿ ಆಡುತ್ತಾರೆ.

ನಾನು ಈ ಊರಿನ ಗುಡಿಯ ದೀಪ ನೋಡಿಕೊಳ್ಳುವವನು. ದೀಪದ ಸೂರಪ್ಪ ಎಂದು ಕರೆಯುತ್ತಾರೆ. ಗುಡಿಯ ಪಕ್ಕದ ದಾಸೋಹದ ಮನೆಯಲ್ಲಿ ಪ್ರತಿ ಸಂಜೆ ಊರಿನ ಮಕ್ಕಳೂ ದಾರಿಹೋಕರೂ ಪಂಕ್ತಿಯಲ್ಲಿ ಕೂರುತ್ತಾರೆ. ನಾನು ಎಣ್ಣೆದೀಪ ಹಿಡಿದು ಎಲೆಗಳ ನಡುವೆ ಹೋಗಿ ಬಂದು, "ನೆರಳಿದೆ" ಎನ್ನಬೇಕು. ಹಾಗೆನ್ನುವವರೆಗೆ ಯಾರೂ ತುತ್ತು ಎತ್ತುವುದಿಲ್ಲ. ನನ್ನ ಜೀವನದ ಸಾಧನೆ ಈ ಒಂದೇ ಪದ. ಇದನ್ನೇ ಹೇಳಿ ಹೇಳಿ ಮುದುಕನಾದೆ.

ದೀಪಕ್ಕೆ ಬೇಕಾದ ಬತ್ತಿಗಳನ್ನು ನನ್ನ ಹೆಂಡತಿ ಚೆನ್ನಾಜಮ್ಮ ಹೊಸೆಯುತ್ತಿದ್ದಳು. ಕಳೆದ ಶ್ರಾವಣದಲ್ಲಿ ಸ್ವಾಮಿ ಅವಳನ್ನು ಕರೆಸಿಕೊಂಡ. ಅವನ ಲೋಕದಲ್ಲಿ ಬತ್ತಿ ಹೊಸೆಯುವವರು ಕಡಿಮೆಯಾಗಿದ್ದರೆಂದು ಕಾಣುತ್ತದೆ. ನಾನು ಅವನ ತೀರ್ಮಾನವನ್ನು ಪ್ರಶ್ನಿಸಲಿಲ್ಲ. ಅವನ ಎದುರು ನಿಂತಾಗ ಮಾತ್ರ ಕೆಲವು ದಿನ ಕಣ್ಣು ಮುಚ್ಚಿಕೊಂಡೇ ಮಂಗಳಾರತಿ ಬೆಳಗಿದೆ. ಭಕ್ತಿ ಹೆಚ್ಚಾಗಿದೆ ಎಂದು ಜನ ಮೆಚ್ಚಿಕೊಂಡರು.

ಊರಿನ ಹೊರಗೆ ಶಾಂತವೀರಪ್ಪನವರ ತಂಬಿಟ್ಟಿನ ಫ್ಯಾಕ್ಟರಿ ಇದೆ. ಹುರಿಗಡಲೆ ಬೀಸಿ, ಜರಡಿ ಹಿಡಿದು, ಬೆಲ್ಲದ ಪಾಕದಲ್ಲಿ ಕಲೆಸಿ, ಉಂಡೆ ಕಟ್ಟಿ, ಡಬ್ಬಿಯಲ್ಲಿ ತುಂಬಿ ಊರೂರಿಗೆ ಕಳಿಸುತ್ತಾರೆ. ಅಲ್ಲಿಯ ಶುಚಿತ್ವವನ್ನು ಎಷ್ಟು ಹೊಗಳಿದರೂ ಸಾಲದು. ಒಳಗೆ ಹೋಗುವವರು ಕಾಲು ತೊಳೆಯಬೇಕು, ಕೈ ತೊಳೆಯಬೇಕು, ತಲೆಗೆ ಬಿಳಿ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಗವಸು. ಹೆಂಗಸರು ಬಳೆ ಬಿಚ್ಚಿಡಬೇಕು. ಗೋಡೆಯ ತುಂಬ ಬೋರ್ಡುಗಳು: ಉಗುಳಬೇಡಿ, ಸೀನಬೇಡಿ, ಕೆಮ್ಮಬೇಡಿ. ಉಸಿರಾಡಲು ಅನುಮತಿ ಇದೆಯೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಅದರ ಬಗ್ಗೆ ಮೇಲಿನವರಿಗೆ ಬರೆದಿದ್ದೇವೆ ಎಂದು ಅಲ್ಲಿಯ ಮೇಲ್ವಿಚಾರಕ ಗಂಭೀರವಾಗಿ ಹೇಳಿದ. ಹಿಟ್ಟಿನಲ್ಲಿ ಕಬ್ಬಿಣದ ಚೂರು ಬಂದರೆ ಹಿಡಿಯಲು ದೊಡ್ಡ ಅಯಸ್ಕಾಂತ. ಇಷ್ಟೆಲ್ಲ ಆದ ಮೇಲೆ ಕೊನೆಯಲ್ಲಿ ನಮ್ಮ ಊರಿನ ಪದ್ಧತಿಯಂತೆ ಒಂದು ದೀಪ; ಅದರ ಮುಂದೆ ಉಂಡೆಯ ತಟ್ಟೆಗಳು ಒಂದೊಂದಾಗಿ ಸಾಗುತ್ತವೆ, ನೆರಳಿಲ್ಲದ ತಟ್ಟೆಯನ್ನು ಹೆಂಗಸರು ಪಕ್ಕಕ್ಕೆ ತೆಗೆಯುತ್ತಾರೆ. ಚೆನ್ನಾಜಮ್ಮನ ತಂಗಿ ರುದ್ರಾಣಿ ಅಲ್ಲಿಯೇ ಕೆಲಸಕ್ಕಿದ್ದಳು. ಹೀಗಾಗಿ ಇದೆಲ್ಲ ನನಗೆ ಗೊತ್ತು.

ಈಚೆಗೆ ಫ್ಯಾಕ್ಟರಿಯೊಳಗೆ ಹೊಸ ವಿದ್ಯುತ್ ದೀಪಗಳು ಬಂದಿವೆಯೆಂದೂ, ಒಳಗೆ ನಿಂತರೆ ದೇವಲೋಕದಲ್ಲಿ ನಿಂತ ಹಾಗಾಗುತ್ತದೆಯೆಂದೂ ಜನ ಹೇಳತೊಡಗಿದರು. ಹೊರಗಿನವರನ್ನು ಒಳಗೆ ಬಿಡುವುದು ನಿಂತಿತು. ದೇವಲೋಕಕ್ಕೂ ಸುಮ್ಮನೆ ಯಾರನ್ನೂ ಬಿಡುವುದಿಲ್ಲವಲ್ಲ. ಆಮೇಲೆ ತಂಬಿಟ್ಟಿನ ಬಗ್ಗೆ ಒಂದೆರಡು ದೂರುಗಳು ಬಂದವು. ಪರೀಕ್ಷೆಗೆ ದೊಡ್ಡ ಊರಿನಿಂದ ಒಬ್ಬ ಅಧಿಕಾರಿ ಬಂದರು. ಅವರು ಬಂದದ್ದು ಸರಿಯಾಗಿ ಮಧ್ಯಾಹ್ನ. ಅವರು ಎಲ್ಲ ಊರಿಗೂ ಬೇರೆ ಹೊತ್ತಿನಲ್ಲಿ ಹೋಗುತ್ತಾರಂತೆ, ನಮ್ಮ ಊರಿಗೆ ಮಾತ್ರ ಅವರ ಜೀಪಿಗೆ ಮಧ್ಯಾಹ್ನವೇ ದಾರಿ ಕಾಣುತ್ತದೆ. ತಂಬಿಟ್ಟನ್ನು ಅಂಗಳದ ಬಿಸಿಲಿನಲ್ಲಿ ಇರಿಸಿ ನೋಡಿದರು. ಯಾವ ಉಂಡೆಗೂ ನೆರಳಿಲ್ಲ. ಪಕ್ಕದಲ್ಲಿ ಇಟ್ಟ ಚೊಂಬಿಗೂ ಇಲ್ಲ. "ಎಲ್ಲವೂ ಒಂದೇ ಸಮ ಇವೆ. ವ್ಯತ್ಯಾಸ ಕಂಡುಬಂದಿಲ್ಲ" ಎಂದು ಹೇಳಿ, ಕಾಣಿಕೆಯ ಡಬ್ಬಿಯೊಂದಿಗೆ ಜೀಪು ಹತ್ತಿದರು. ಆ ಡಬ್ಬಿಯನ್ನು ಅವರು ಊರಾಚೆಯ ಸೇತುವೆಯ ಬಳಿ ಇಳಿಸಿ ಹೋದರೆಂದು ದನ ಮೇಯಿಸುವವರು ಹೇಳಿದರು. ಅಧಿಕಾರಿಗಳ ವೈರಾಗ್ಯ ದೊಡ್ಡದು.

ಇದಾದ ಮೇಲೆ ಒಂದು ಬೆಳಗ್ಗೆ ಶಾಂತವೀರಪ್ಪನವರು ನಮ್ಮ ಮನೆಗೆ ಬಂದರು. ನಾನು ಹತ್ತಿಯಿಂದ ಬೀಜ ಬಿಡಿಸುತ್ತ ಕುಳಿತಿದ್ದೆ. ನಾನು ಹೊಸೆದ ಬತ್ತಿ ಒಂದೂ ನೆಟ್ಟಗಿರಲಿಲ್ಲ.

"ಏನು ಸೂರಪ್ಪನವರೇ, ಹೇಗಿದ್ದೀರಿ?"

"ಸ್ವಾಮಿ ಇಟ್ಟ ಹಾಗೆ ಸಾಹುಕಾರರೇ. ಕುಳಿತುಕೊಳ್ಳಿ."

ಅವರು ಕುಳಿತು, ಚೆನ್ನಾಜಮ್ಮನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿದರು. ಅವಳು ಬದುಕಿದ್ದಾಗ ಅವರು ಒಮ್ಮೆಯೂ ಮಾತಾಡಿಸಿದ್ದಿಲ್ಲ. ಆದರೂ ನನಗೆ ಕೇಳಲು ಹಿತವಾಗಿತ್ತು. ಆ ದಿನಗಳಲ್ಲಿ ಅವಳ ಹೆಸರನ್ನು ಯಾರು ಎತ್ತಿದರೂ ನನಗೆ ಅವರು ಸಜ್ಜನರಾಗಿಯೇ ಕಾಣುತ್ತಿದ್ದರು.

"ಅಂಥ ತಾಯಿಯ ಹೆಸರು ಊರಿನಲ್ಲಿ ಉಳಿಯಬೇಕು. ದಾಸೋಹದ ಮನೆಗೆ ಒಂದು ದೀಪ ಮಾಡಿಸಿದ್ದೇನೆ. ಹಿತ್ತಾಳೆಯದು, ಕರೆಂಟಿನದು. ನಾಲ್ಕು ದಿಕ್ಕಿಗೂ ಕೈ ಚಾಚಿದ ಹಾಗಿದೆ. 'ಚೆನ್ನಾಜಮ್ಮನವರ ಸ್ಮರಣಾರ್ಥ' ಎಂದು ಕೆತ್ತಿಸಿದ್ದೇನೆ. ಹಚ್ಚಿದರೆ ಆರದ ದೀಪ" ಎಂದರು.

ನನ್ನ ಕೈಯಲ್ಲಿದ್ದ ಹತ್ತಿ ಕೆಳಗೆ ಬಿತ್ತು. ಬತ್ತಿ ಹೊಸೆದು ಹೊಸೆದು ಬೆರಳು ಸವೆಸಿಕೊಂಡವಳ ಹೆಸರಿನಲ್ಲಿ ಆರದ ದೀಪ! ಇಂಥದ್ದನ್ನು ಸ್ವಾಮಿಯಲ್ಲಿ ಬೇಡಿಕೊಳ್ಳಲು ಕೂಡ ನನಗೆ ತೋಚಿರಲಿಲ್ಲ.

"ಅಲ್ಲಿ ಎಣ್ಣೆದೀಪ ಬಿಟ್ಟು ಬೇರೆ ದೀಪ ತೂಗುಹಾಕಲು ನಿಮ್ಮ ಒಪ್ಪಿಗೆ ಬೇಕಂತೆ, ಧರ್ಮದರ್ಶಿಗಳು ಹೇಳಿದರು. ನಿಮ್ಮ ಮನೆಯವರ ಹೆಸರಿನದಕ್ಕೆ ನೀವು ಬೇಡ ಎನ್ನುತ್ತೀರಾ?" ಎಂದು ನಕ್ಕರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಹಾಂ, ಇನ್ನು ಮೇಲೆ ದಾಸೋಹಕ್ಕೆ ದಿನಾ ಒಂದೊಂದು ಉಂಡೆ ನಮ್ಮ ತಂಬಿಟ್ಟು. ಗುಡಿಯಲ್ಲಿ ಮಕ್ಕಳೇ ತಿನ್ನುತ್ತಾರೆ ಅಂದರೆ ಬೇರೆ ಊರಿನವರಿಗೂ ನಂಬಿಕೆ ಬರುತ್ತದೆ, ಅಲ್ಲವೇ?" ಎಂದರು.

ಅಲ್ಲವೇ ಎಂದಾಗ ನಾನು ಹೌದು ಎಂದೆ. ನಮ್ಮ ಊರಿನವರಿಗೆ ದೀಪವೆಂದರೆ ನೆರಳು ತೋರಿಸುವ ವಸ್ತು. ಎರಡು ದೀಪವಿದ್ದರೆ ಇನ್ನೂ ಚೆನ್ನಾಗಿ ತೋರೀತು, ನಾಲ್ಕಿದ್ದರೆ ನಾಲ್ಕರಷ್ಟು ತೋರೀತು ಎಂದು ತಿಳಿದುಕೊಳ್ಳುವ ಜನ ನಾವು. ದೀಪವನ್ನೇ ಹಿಡಿದು ಬದುಕಿದ ನಾನು ಎಲ್ಲರಿಗಿಂತ ಗಟ್ಟಿಯಾಗಿ ಹಾಗೆ ತಿಳಿದುಕೊಂಡೆ.

ದೀಪ ಹಚ್ಚುವ ಸಂಜೆ ದಾಸೋಹದ ಮನೆ ತುಂಬಿತ್ತು. ಮಕ್ಕಳು ಮೊದಲ ಪಂಕ್ತಿ. ಧರ್ಮದರ್ಶಿ ಮರುಳಾರಾಧ್ಯರು ಹೊಸ ಶಲ್ಯ ಹೊದ್ದು ಬಂದಿದ್ದರು. ಗುಡಿಯ ಆಡಳಿತವೆಲ್ಲ ಅವರದು, ಆಡಳಿತ ಎಂದರೆ ಶಲ್ಯ. ಫ್ಯಾಕ್ಟರಿಯ ಹೆಂಗಸರು ಬಿಳಿ ಟೋಪಿಯಲ್ಲಿ ಉಂಡೆ ಬಡಿಸಲು ನಿಂತಿದ್ದರು. ಅವರಲ್ಲಿ ರುದ್ರಾಣಿಯೂ ಇದ್ದಳು. ಶಾಂತವೀರಪ್ಪನವರು ಕಂಬದ ಮೇಲಿನ ಸ್ವಿಚ್ಚಿಗೆ ಕುಂಕುಮ ಹಚ್ಚಿ ಒತ್ತಿದರು.

ಬೆಳಕೆಂದರೆ ಬೆಳಕು. ಜನ ಕೈ ಮುಗಿದರು. ತೊಲೆಯ ಸಂದಿಯ ಜೇಡರ ಬಲೆ ಕೂಡ ಬೆಳ್ಳಿಯ ಹಾಗೆ ಕಂಡಿತು. ಹಿತ್ತಾಳೆಯ ಮೇಲೆ ಅವಳ ಹೆಸರು ಹೊಳೆಯುತ್ತಿತ್ತು. ನಾನು ಬಹಳ ಹೊತ್ತು ಮೇಲೆಯೇ ನೋಡುತ್ತ ನಿಂತೆ. ಕೆಳಗೆ ಎಲೆಗಳಿಗೆ ಅನ್ನ, ಕೋಸಂಬರಿ, ತಂಬಿಟ್ಟು ಬಂದು ಬಿದ್ದವು.

ಆಗ ಗೋಡೆಯ ಪಕ್ಕ ಕುಳಿತ ಒಬ್ಬ ಮುದುಕಿ, "ಅಲ್ಲಾ, ನೆರಳೆಲ್ಲಿ?" ಎಂದಳು.

"ಅಜ್ಜೀ, ನಿಮ್ಮ ಕೈಗೂ ನೆರಳಿಲ್ಲ. ನಿಮ್ಮನ್ನೂ ತಿಪ್ಪೆಗೆ ಹಾಕೋಣವೇ?" ಎಂದರು ಶಾಂತವೀರಪ್ಪನವರು.

ಎಲ್ಲರೂ ನಕ್ಕರು. ಮುದುಕಿ ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಾನೂ ಆಗಲೇ ಕೆಳಗೆ ನೋಡಿದ್ದು. ಎಲೆಗೆ ನೆರಳಿಲ್ಲ, ಲೋಟಕ್ಕಿಲ್ಲ, ಮಕ್ಕಳಿಗಿಲ್ಲ, ನನಗೂ ಇಲ್ಲ. ಬೆಳಕು ಎಲ್ಲ ಕಡೆಯಿಂದ ಬಂದು ಎಲ್ಲವನ್ನೂ ನೆಕ್ಕಿಬಿಟ್ಟಿತ್ತು. ನನ್ನ ಕೈಯ ಎಣ್ಣೆದೀಪ ಉರಿಯುತ್ತಿದೆಯೋ ಆರಿದೆಯೋ ಎಂಬುದು ಬೆರಳು ಹತ್ತಿರ ಹಿಡಿದು ನೋಡಿದರೆ ಮಾತ್ರ ಗೊತ್ತಾಗುವಂತಿತ್ತು.

"ಸೂರಪ್ಪನವರೇ, ಆ ಮಾತು ಹೇಳಿಬಿಡಿ. ಮಕ್ಕಳು ಕಾದಿದ್ದಾವೆ" ಎಂದರು ಶಾಂತವೀರಪ್ಪನವರು.

ಉಂಡೆಯ ಬುಟ್ಟಿ ಹಿಡಿದ ರುದ್ರಾಣಿ ನನ್ನ ಪಕ್ಕಕ್ಕೆ ಬಂದು ಬಾಯಿಯ ಬಟ್ಟೆ ಸರಿಸಿದಳು. "ಭಾವ, ಇದು ನಮ್ಮ ಫ್ಯಾಕ್ಟರಿಯಲ್ಲಿ ತೂಗುಹಾಕಿರುವಂಥದ್ದೇ ದೀಪ."

"ನಿನ್ನ ಅಕ್ಕನ ಹೆಸರಿದೆಯಲ್ಲೇ ಇದರ ಮೇಲೆ."

"ಹೆಸರು ಅಕ್ಕನದು, ಉಪಾಯ ಸಾಹುಕಾರರದು. ಜರಡಿ ಹರಿದಿದೆ ಭಾವ. ತಂತಿ ತುಂಡು ತುಂಡಾಗಿ ಹಿಟ್ಟಿಗೆ ಬೀಳುತ್ತಿದೆ. ಅಯಸ್ಕಾಂತಕ್ಕೆ ಹತ್ತಿದ್ದನ್ನು ಬಿಡಿಸಿ ಬಿಡಿಸಿ ಸಾಕಾಗಿ ಅದನ್ನೇ ಬಿಚ್ಚಿಟ್ಟರು. ತಟ್ಟೆ ತಟ್ಟೆಗಳೇ ನೆರಳಿಲ್ಲದೆ ಬಂದವು. ಜರಡಿ ಬದಲಾಯಿಸಲು ಯಂತ್ರ ನಿಲ್ಲಿಸಬೇಕಲ್ಲ, ಹಬ್ಬದ ಆರ್ಡರು ಇತ್ತಲ್ಲ! ಅದಕ್ಕೆ ಈ ದೀಪ ತೂಗುಹಾಕಿದರು. ಈಗ ಯಾವುದಕ್ಕೂ ನೆರಳಿಲ್ಲ, ನಾವು ಯಾವುದನ್ನೂ ತೆಗೆಯುವ ಹಾಗಿಲ್ಲ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದರೆ ನನ್ನ ಮಕ್ಕಳಿಗೆ ನೀವು ಬತ್ತಿ ಬೇಯಿಸಿ ಹಾಕುತ್ತಿದ್ದಿರಾ? ಹೊರಗಿನ ಊರಿಗೆ ಹೋಗುವಾಗ ಸುಮ್ಮನಿದ್ದೆ, ಅದು ನನ್ನ ಪಾಪ. ಇಲ್ಲಿ ಕಣ್ಣೆದುರಿಗೇ ಕೂತಿದ್ದಾವಲ್ಲ ಭಾವ ಹುಡುಗರು. ಗಂಟಲಿಗೆ ತಂತಿ ಸಿಕ್ಕಿಕೊಂಡರೆ?"

ನಾನು ಕಂಬದ ಕಡೆಗೆ ನಡೆದೆ. ನನ್ನ ಮುಖ ನೋಡಿ ಮರುಳಾರಾಧ್ಯರಿಗೆ ಅನುಮಾನ ಬಂತು. ಅಡ್ಡ ಬಂದು ನಿಂತರು.

"ಏನು ಮಾಡುತ್ತೀಯ ಸೂರಪ್ಪ?"

"ದೀಪ ಆರಿಸುತ್ತೇನೆ ಬುದ್ಧಿ. ನೆರಳು ನೋಡಬೇಕು."

"ತಿಳಿದವನು ನೀನು. ಸತ್ತವರ ಹೆಸರಿನಲ್ಲಿ ಹಚ್ಚಿದ ದೀಪವನ್ನು ಆರಿಸಿದರೆ ಅವರ ದಾರಿ ಕತ್ತಲಾಗುತ್ತದೆ. ಅದೂ ಹಚ್ಚಿದ ದಿನವೇ. ಅದೂ ಗಂಡನ ಕೈಯಲ್ಲಿ!"

ಮರುಳಾರಾಧ್ಯರು ಜನ್ಮದಲ್ಲಿ ಒಮ್ಮೆ ಸರಿಯಾದ ಶಾಸ್ತ್ರ ಹೇಳಿದ್ದು ಅಂದೇ. ಅವರು ಹೇಳಿದ್ದನ್ನು ನಾನೂ ನಂಬಿದವನು, ಈಗಲೂ ನಂಬುತ್ತೇನೆ. ಅವಳು ಎಲ್ಲೋ ಗುರುತಿಲ್ಲದ ದಾರಿಯಲ್ಲಿ ಸೆರಗು ಹಿಡಿದುಕೊಂಡು ಹೋಗುತ್ತಿರುವುದು ಕಣ್ಣಿಗೆ ಕಟ್ಟಿತು. ಕತ್ತಲೆಂದರೆ ಅವಳಿಗೆ ಮೊದಲಿನಿಂದಲೂ ಭಯ. ನನ್ನ ಕೈ ಮೇಲೇಳಲಿಲ್ಲ.

ಶಾಂತವೀರಪ್ಪನವರು ಮೆಲ್ಲಗೆ ಭುಜದ ಮೇಲೆ ಕೈ ಇಟ್ಟರು. "ನಿಮಗೆ ದುಃಖ, ನಮಗೆ ಗೊತ್ತು. 'ನೆರಳಿದೆ' ಅಂತ ಒಂದು ಮಾತು ಅಂದುಬಿಡಿ, ಸಾಕು. ಇಷ್ಟು ಬೆಳಕಿನಲ್ಲಿ ನೆರಳು ಕಾಣದಿದ್ದರೂ ಒಳಗೆ ಎಲ್ಲೋ ಇದ್ದೇ ಇರುತ್ತದೆ. ದೇವರು ಕಾಣುತ್ತಾನೆಯೇ? ಇಲ್ಲವೆನ್ನುತ್ತೇವೆಯೇ?"

ಭಕ್ತಿಯನ್ನು ತಂಬಿಟ್ಟಿಗೆ ಹೀಗೆ ಬಳಸಬಹುದೆಂದು ನಾನು ತಿಳಿದಿರಲಿಲ್ಲ. ಆ ಮಾತಿನಿಂದ ನನಗೆ ಬಹಳ ಉಪಕಾರವಾಯಿತು. ಕೈಗೆ ಬಲ ಬಂತು.

"ಸ್ವಾಮೀ, ದಾರಿಯಲ್ಲಿ ಅವಳ ಕೈ ನೀನೇ ಹಿಡಿದುಕೋ. ಕರೆಸಿಕೊಂಡವನು ನೀನು" ಎಂದು ಹೇಳಿ ಸ್ವಿಚ್ಚು ಒತ್ತಿದೆ.

ಕತ್ತಲಾಯಿತು. ಹೆಂಗಸರು ಅಯ್ಯೋ ಎಂದರು. ಯಾರೋ, "ಎಂಥ ಗಂಡನಪ್ಪಾ!" ಎಂದರು. ನನ್ನ ಕೈಯ ಎಣ್ಣೆದೀಪಕ್ಕೆ ಆಗ ಜೀವ ಬಂತು. ಅದನ್ನು ಹಿಡಿದು ಮೊದಲ ಎಲೆಯ ಪಕ್ಕದಲ್ಲಿ ಬಗ್ಗಿದೆ. ಉಪ್ಪಿನ ಹರಳಿಗೆ ನೆರಳು, ಕೋಸಂಬರಿಗೆ ನೆರಳು, ಅನ್ನದ ಗುಡ್ಡೆಗೆ ಗುಡ್ಡದಷ್ಟು ನೆರಳು. ತಂಬಿಟ್ಟಿಗೆ ಇಲ್ಲ. ಎರಡನೆಯ ಎಲೆಯಲ್ಲೂ ಇಲ್ಲ. ಪಂಕ್ತಿಯ ಕೊನೆಯವರೆಗೂ ಇಲ್ಲ. ಉಂಡೆಗಳು ಎಲೆಗೆ ತಾಗದೆ ಗಾಳಿಯಲ್ಲಿ ನಿಂತ ಹಾಗೆ ಕಂಡವು.

ಒಬ್ಬ ಪುಟ್ಟ ಹುಡುಗಿ, "ಅಮ್ಮಾ, ನನ್ನ ಉಂಡೆಯ ನೆರಳನ್ನು ಯಾರು ತಿಂದರು?" ಎಂದು ಅಳತೊಡಗಿದಳು. ಅವಳ ತಾಯಿ ಹಾರಿ ಬಂದು ಮಗುವಿನ ಬಾಯಿಯೊಳಗೆ ಬೆರಳು ಹಾಕಿ ನೋಡಿದಳು. ಏನೂ ಇರಲಿಲ್ಲ, ಮಗು ನನ್ನ ಮಾತಿಗಾಗಿ ಕಾದಿತ್ತು. ಎಲ್ಲ ಮಕ್ಕಳೂ ಕಾದಿದ್ದವು.

"ಲಾರಿಯಲ್ಲಿ ಕುಲುಕಾಡಿಕೊಂಡು ಬಂದಿದೆ. ಆಯಾಸವಾದಾಗ ಹೀಗಾಗುವುದುಂಟು. ಸ್ವಲ್ಪ ಹೊತ್ತಿಗೆ ನೆರಳು ಬರುತ್ತದೆ" ಎಂದರು ಶಾಂತವೀರಪ್ಪನವರು.

"ಹಿಂದಿನ ಲಾರಿಯಲ್ಲಿ ಬರುತ್ತಿದೆಯೇನೋ!" ಎಂದಳು ಆ ಗೋಡೆಯ ಪಕ್ಕದ ಮುದುಕಿ. ಈ ಸಲ ಯಾರೂ ನಗಲಿಲ್ಲ.

ಮರುಳಾರಾಧ್ಯರು ದೊಡ್ಡವರ ಪಕ್ಷ ಬಿಡುವವರಲ್ಲ. "ಇಂಥದ್ದಕ್ಕೆಲ್ಲ ಅವಸರ ಕೂಡದು. ನಾಳೆ ಮಧ್ಯಾಹ್ನ ಎಲ್ಲರೂ ಸೇರಿ ನೋಡೋಣ" ಎನ್ನುತ್ತ, ತಂಬಿಟ್ಟು ಎಷ್ಟು ಮೃದುವಾಗಿದೆ ಎಂದು ತೋರಿಸಲು ಒಂದು ಉಂಡೆಯನ್ನು ಅಂಗೈಯಲ್ಲಿ ಹಿಸುಕಿದರು. ಮರುಕ್ಷಣ "ಹಾ!" ಎಂದು ಕೈ ಕೊಡವಿದರು. ದೀಪ ಹತ್ತಿರ ಹಿಡಿದೆ. ಬೆರಳಿನಲ್ಲಿ ಕೂದಲೆಳೆಯಷ್ಟು ಸಣ್ಣ ತಂತಿ ನೆಟ್ಟಿತ್ತು. ರಕ್ತದ ಹನಿಗೆ ನೆರಳಿತ್ತು.

ಆಮೇಲೆ ತಾಯಂದಿರು ಉಂಡೆಗಳನ್ನು ಎತ್ತಿ ರುದ್ರಾಣಿಯ ಬುಟ್ಟಿಗೇ ವಾಪಸು ಹಾಕಿದರು. ಬುಟ್ಟಿ ತುಂಬಿದಾಗ ಅವಳು ಅದನ್ನು ಶಾಂತವೀರಪ್ಪನವರ ಕಾಲ ಬಳಿ ಇಟ್ಟು, ಟೋಪಿ ತೆಗೆದು ಅದರ ಮೇಲಿಟ್ಟಳು. "ಸಾಹುಕಾರರೇ, ಇನ್ನು ನೀವೇ ಹಾಕಿಕೊಳ್ಳಿ. ಊರಿಗೆ ಹಾಕಿ ಹಾಕಿ ಅಭ್ಯಾಸವಿದೆಯಲ್ಲ" ಎಂದಳು. ಅನ್ನ ಕೋಸಂಬರಿಗಳ ಪಕ್ಕದಲ್ಲಿ ದೀಪ ಹಿಡಿದು ನಾನು "ನೆರಳಿದೆ" ಎಂದೆ. ಮಕ್ಕಳು ಉಂಡರು. ನಾನು ಆ ಸಂಜೆ ಉಣ್ಣಲಿಲ್ಲ. ದೀಪ ಆರಿಸಿದ ಕೈಯನ್ನು ಎಷ್ಟು ತೊಳೆದರೂ ಸಮಾಧಾನವಾಗಲಿಲ್ಲ.

ಇಂಥ ಕಡೆ ನ್ಯಾಯ ಹೇಗೆ ನಡೆಯುತ್ತದೋ ಹಾಗೆಯೇ ನಡೆಯಿತು. ಒಂದು ಸಮಿತಿಯಾಯಿತು. ಸಮಿತಿ ಮಧ್ಯಾಹ್ನಗಳಲ್ಲಿ ಸೇರಿತು. ತಪ್ಪು ಯಾರದೂ ಅಲ್ಲ, ಜರಡಿಯದು ಎಂದು ತೀರ್ಮಾನಿಸಿತು. ಫ್ಯಾಕ್ಟರಿಗೆ ಹೊಸ ಜರಡಿ ಬಂತು. ಅದನ್ನು ಮೆರವಣಿಗೆಯಲ್ಲಿ ತಂದು, ಹಾರ ಹಾಕಿ, ಉದ್ಘಾಟಿಸಿದರು. ಶುಚಿತ್ವಕ್ಕಾಗಿ ಸಾಹುಕಾರರು ಪಡುವ ಶ್ರಮದ ಬಗ್ಗೆ ಮರುಳಾರಾಧ್ಯರು ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಭಾಷಣ ಮಾಡಿದರು. ಅಯಸ್ಕಾಂತ ತನ್ನ ಜಾಗಕ್ಕೆ ಬಂತು. ಒಳಗಿನ ದೀಪಗಳನ್ನು ಇಳಿಸಿ ಹಳೆಯ ದೀಪ ಇಟ್ಟರು, ತಟ್ಟೆ ನೋಡುವ ಕೆಲಸಕ್ಕೆ ರುದ್ರಾಣಿಯನ್ನೇ ಮತ್ತೆ ಕರೆದರು. ಅವಳಷ್ಟು ಬಾಯಿ ಇರುವವಳು ಹೊರಗಿರುವುದಕ್ಕಿಂತ ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗಿರುವುದು ಕ್ಷೇಮವೆಂದು ಅವರಿಗೆ ತೋರಿರಬೇಕು.

ದಾಸೋಹದ ಮನೆಯ ದೀಪವನ್ನು ಮಾತ್ರ ಇಳಿಸುವಂತಿರಲಿಲ್ಲ. ಒಮ್ಮೆ ಕೊಟ್ಟದ್ದು ಸ್ವಾಮಿಯ ಆಸ್ತಿ. ಧರ್ಮದರ್ಶಿಗಳು ಆಳವಾಗಿ ಯೋಚಿಸಿ ಒಂದು ದಾರಿ ಹುಡುಕಿದರು: ದೀಪ ಹಗಲೂ ರಾತ್ರಿ ಉರಿಯಲಿ, ಊಟದ ಹೊತ್ತಿನಲ್ಲಿ ಮಾತ್ರ ಆರಿರಲಿ. ಹೀಗೆ ನಮ್ಮ ಊಟದ ಮನೆಯಲ್ಲಿ, ಯಾರೂ ಊಟ ಮಾಡದೆ ಇರುವಾಗಲೆಲ್ಲ ಕಣ್ಣು ಕುಕ್ಕುವ ಬೆಳಕು ಇರುತ್ತದೆ. ಆರಿಸುವ ಕೆಲಸಕ್ಕೆ ಬೇರೆ ಯಾರೂ ಒಪ್ಪಲಿಲ್ಲ. ಸತ್ತವರ ದಾರಿ ಕೆಡಿಸಿದ ಪಾಪ ಯಾರಿಗೆ ಬೇಕು? ಒಮ್ಮೆ ಮಾಡಿದವನು ನಾನು, ಅಭ್ಯಾಸವಿದೆ ಎಂದು ನನಗೇ ಬಿಟ್ಟರು.

ಪ್ರತಿ ಸಂಜೆ ಮಕ್ಕಳು ಎಲೆಯ ಮುಂದೆ ಕುಳಿತ ಮೇಲೆ ನಾನು ಕಂಬದ ಬಳಿ ಹೋಗುತ್ತೇನೆ. ಮೊದಲ ಕೆಲವು ದಿನ ಸ್ವಾಮಿಗೆ ಅದೇ ಮಾತನ್ನು ಮತ್ತೆ ಮತ್ತೆ ಹೇಳಿ ಒತ್ತುತ್ತಿದ್ದೆ. ದೊಡ್ಡ ಬೆಳಕು ಹೋಗುತ್ತದೆ, ಎಣ್ಣೆದೀಪದ ಬೆಳಕಿನಲ್ಲಿ ಒಂದೊಂದು ಎಲೆಯ ಮೇಲೂ ಮೆಲ್ಲಗೆ ನೆರಳು ಬಂದು ಕೂರುತ್ತದೆ. ಮಕ್ಕಳಿಗೆ ಶಾಸ್ತ್ರ ಗೊತ್ತಿಲ್ಲ, ಹಿತ್ತಾಳೆಯ ಮೇಲಿನ ಹೆಸರು ಮಾತ್ರ ಗೊತ್ತು. ಯಾವಾಗ ಯಾರು ಶುರುಮಾಡಿದರೋ, ಈಗ ಕತ್ತಲಾದ ಕೂಡಲೇ, ನಾನು ಬಾಯಿ ತೆರೆಯುವ ಮೊದಲೇ, ಪಂಕ್ತಿಗೆ ಪಂಕ್ತಿಯೇ ಕೂಗುತ್ತದೆ: "ಚೆನ್ನಾಜಮ್ಮ ಬಂದರು! ಊಟ ಮಾಡೋಣ!"